ಬಿದ್ದು ಕಂಡುಕೊಂಡ ಕುಣಿತ

1972ರ ಜನವರಿ. ಅಮೆರಿಕದ ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಕುಸ್ತಿಯ ಮ್ಯಾಟ್ ಹಾಸಿತ್ತು. ಅದರ ಮೇಲೆ ಹತ್ತು ಹನ್ನೆರಡು ಹುಡುಗರು ಓಡಿ ಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು, ಗಾಳಿಗೆ ಹಾರಿ ದೊಪ್ಪನೆ ಬೀಳುತ್ತಿದ್ದರು, ಉರುಳಿ ಎದ್ದು ಮತ್ತೆ ಬೀಳುತ್ತಿದ್ದರು. ಕೊನೆಗೆ ಎಲ್ಲರೂ ನಿಂತಲ್ಲೇ ನಿಂತುಬಿಟ್ಟರು. ಐದು ನಿಮಿಷದಷ್ಟು ಹೊತ್ತು ಯಾರೂ ಏನೂ ಮಾಡಲಿಲ್ಲ. ‘ಮೆಗ್ನೀಸಿಯಂ’ ಎಂಬ ಆ ನೃತ್ಯ ಅಲ್ಲಿಗೆ ಮುಗಿಯಿತು.

ಅದನ್ನು ಕಟ್ಟಿದವನು ಸ್ಟೀವ್ ಪ್ಯಾಕ್ಸ್‌ಟನ್. ಅರಿಜೋನಾದಲ್ಲಿ ಜಿಮ್ನಾಸ್ಟಿಕ್ಸ್ ಮಾಡಿಕೊಂಡು ಬೆಳೆದ ಹುಡುಗ, ನ್ಯೂಯಾರ್ಕಿಗೆ ಬಂದು ಮರ್ಸ್ ಕನಿಂಗ್‌ಹ್ಯಾಮ್ ನೃತ್ಯತಂಡ ಸೇರಿದ. 1964ರಲ್ಲಿ ಆ ತಂಡ ಲೋಕಸಂಚಾರ ಹೊರಟಾಗ ಅಹಮದಾಬಾದು, ದೆಹಲಿಗಳಿಗೂ ಬಂದಿತ್ತು, ಪ್ಯಾಕ್ಸ್‌ಟನ್ ಜೊತೆಗಿದ್ದ. ಆದರೆ ಪಳಗಿದ ಮೈಕಟ್ಟಿನ ಚಂದ ಅವನಿಗೆ ಅಷ್ಟೊತ್ತಿಗೇ ಸಾಕೆನಿಸಿತ್ತು. 1962ರ ಜುಲೈ 6ರಂದು ನ್ಯೂಯಾರ್ಕಿನ ವಾಷಿಂಗ್‌ಟನ್ ಸ್ಕ್ವೇರಿನ ಜಡ್ಸನ್ ಚರ್ಚಿನಲ್ಲಿ ಇವೋನ್ ರೈನರ್ ಮೊದಲಾದ ಗೆಳೆಯರ ಜೊತೆ ಪ್ರದರ್ಶನ ಕೊಟ್ಟವರಲ್ಲಿ ಅವನೂ ಒಬ್ಬ. ನಡಿಗೆಯೇ ನೃತ್ಯವಾಗಬಾರದೇಕೆ ಎಂದು ಕೇಳಿದವರು ಅವರು. 1967ರಲ್ಲಂತೂ ಅವನು ಸಾಮಾನ್ಯ ಜನರ ಒಂದು ದೊಡ್ಡ ಗುಂಪನ್ನೇ ಕರೆತಂದು ರಂಗದ ಈ ಕಡೆಯಿಂದ ಆ ಕಡೆಗೆ ನಡೆಸಿದ, ನಡುವೆ ನಿಲ್ಲಿಸಿದ, ಕೂರಿಸಿದ. ಅಷ್ಟೇ.

ನಡಿಗೆಯನ್ನು ಇಷ್ಟು ಕಾಲ ದಿಟ್ಟಿಸಿದವನಿಗೆ ಬೀಳುವುದು ಕಾಣದೆ ಹೋದೀತೆ? ಪ್ರತಿ ಹೆಜ್ಜೆಯೂ ಮುಂದಕ್ಕೆ ಬೀಳಹೊರಟ ಮೈಯನ್ನು ಕಾಲು ತಡೆಯುವುದೇ ಅಲ್ಲವೆ. ಬಿದ್ದ ಪೆಟ್ಟನ್ನು ಒಂದೇ ಕಡೆ ತಿನ್ನದೆ ಮೈಯೆಲ್ಲ ಹಂಚಿಕೊಂಡು ಉರುಳುವ ವಿದ್ಯೆ ಅವನಿಗೆ ಜಪಾನಿನ ಸಮರಕಲೆ ಐಕಿಡೊದಿಂದ ಬಂದಿತ್ತು. ‘ಮೆಗ್ನೀಸಿಯಂ’ ಹುಟ್ಟಿದ್ದು ಆ ಕುತೂಹಲದಿಂದ.

ಕತೆ ಹೇಳುವವರೆಲ್ಲ ಈ ಎಗರಾಟವನ್ನೇ ದೊಡ್ಡದು ಮಾಡುತ್ತಾರೆ. ನನಗೆ ಆವಿಷ್ಕಾರ ಕಾಣುವುದು ಕೊನೆಯ ಆ ನಿಲುವಿನಲ್ಲಿ. ಪ್ಯಾಕ್ಸ್‌ಟನ್ ಅದನ್ನು ‘ಸಣ್ಣ ನೃತ್ಯ’ ಎಂದು ಕರೆದ. ಸುಮ್ಮನೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ಒಂದಿಷ್ಟು ವಾಲುತ್ತದೆ, ಹಿಮ್ಮಡಿ, ಮೊಣಕಾಲು, ಬೆನ್ನು ಅದನ್ನು ಸರಿಪಡಿಸುತ್ತವೆ, ಮತ್ತೆ ವಾಲುತ್ತದೆ. ಇದನ್ನು ನಾವು ಮಾಡುತ್ತಿಲ್ಲ, ತಾನೇ ಆಗುತ್ತಿದೆ. ಓಬರ್ಲಿನ್‌ನಲ್ಲಿ ಮುಂಜಾನೆಯ ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಹೀಗೆಯೇ ನಿಲ್ಲಿಸುತ್ತಿದ್ದ. ನಿಂತು ತನ್ನ ಭಾರವನ್ನು ತಾನೇ ಗಮನಿಸಿದವನಿಗೆ ಮಾತ್ರ ಇನ್ನೊಬ್ಬರ ಭಾರ ತಿಳಿದೀತು.

ಅದೇ ವರ್ಷ ಜೂನ್‌ನಲ್ಲಿ ಅವನು ವಿದ್ಯಾರ್ಥಿಗಳನ್ನೂ ಗೆಳೆಯರನ್ನೂ ನ್ಯೂಯಾರ್ಕಿನಲ್ಲಿ ಸೇರಿಸಿದ. ಓಬರ್ಲಿನ್‌ನ ಹುಡುಗಿ, ಜಿಮ್ನಾಸ್ಟ್ ನ್ಯಾನ್ಸಿ ಸ್ಟಾರ್ಕ್ ಸ್ಮಿತ್ ಕೂಡ ಬಂದಳು. ‘ಮೆಗ್ನೀಸಿಯಂ’ ನೋಡಿದಾಗಲೇ, ಹೆಂಗಸರಿಗೂ ಇದು ಆಗುವುದಿದ್ದರೆ ನನ್ನನ್ನೂ ಕರೆಯಿರಿ ಎಂದಿದ್ದವಳು. ಎಲ್ಲರೂ ಒಂದೇ ಮಾಳಿಗೆಯಲ್ಲಿ ಉಂಡು, ಮಲಗಿ, ಹಗಲೆಲ್ಲ ಮ್ಯಾಟಿನ ಮೇಲೆ ಕಳೆದರು. ಆಮೇಲೆ ಜಾನ್ ವೆಬರ್ ಗ್ಯಾಲರಿಯಲ್ಲಿ ಅದನ್ನೇ ಗಂಟೆಗಟ್ಟಲೆ ಜನರ ಮುಂದೆ ಮಾಡಿದರು. ಸಂಗೀತವಿಲ್ಲ, ವೇಷವಿಲ್ಲ. ನೋಡುವವರು ಬಂದರು, ಗೋಡೆಗೊರಗಿ ನಿಂತರು, ಹೋದರು. ಈ ಕುಣಿತಕ್ಕೆ ಇಟ್ಟ ಹೆಸರು ‘ಕಾಂಟ್ಯಾಕ್ಟ್ ಇಂಪ್ರೊವೈಸೇಶನ್’.

ಗರಡಿ ಕಂಡು ಬೆಳೆದ ನಮಗೆ ಇದು ಪೈಲ್ವಾನರ ಹಿಡಿತದಂತೆ ತೋರಬಹುದು; ಇಲ್ಲಿ ಯಾರನ್ನೂ ಚಿತ್ ಮಾಡುವುದಿಲ್ಲ. ಇಬ್ಬರ ಮೈ ತಾಗಿದ ಒಂದು ಜಾಗವಿದೆ, ಬೆನ್ನೋ ಭುಜವೋ. ಅಲ್ಲಿಗೆ ಭಾರ ಕೊಡಬೇಕು, ಅಲ್ಲಿಂದ ಭಾರ ಪಡೆಯಬೇಕು. ಆ ಜಾಗ ಉರುಳುತ್ತ ಹೋದ ಹಾಗೆ ಕುಣಿತ ಸಾಗುತ್ತದೆ. ಕೈಯಿಂದ ಎತ್ತುವ ಅಗತ್ಯ ಕಡಿಮೆ. ಓಟದ ಬಿರುಸು ಸರಿಯಾದ ಕೋನದಲ್ಲಿ ಸೊಂಟಕ್ಕೆ ಸಿಕ್ಕರೆ ತೆಳ್ಳಗಿನ ಹೆಂಗಸೂ ದಪ್ಪ ಗಂಡಸನ್ನು ಹೆಗಲ ಮೇಲೆ ಹೊರಬಲ್ಲಳು. ಇಪ್ಪತ್ತನೆಯ ಸಾಲಿನಲ್ಲಿ ಕೂತವರಿಗೆ ಇದರಲ್ಲಿ ಅರ್ಧವೂ ಕಾಣದು. ಉಸಿರು ಬದಲಾದದ್ದು, ಅಂಗಾಲು ಮ್ಯಾಟಿಗೆ ಉಜ್ಜಿದ್ದು, ಬೀಳುವ ಮುಂಚಿನ ಆ ಹಿಂಜರಿಕೆ ಕೇಳಿಸಬೇಕಾದರೆ ಹತ್ತಿರ ಇರಬೇಕು. ಚಿಕ್ಕ ಕೋಣೆ ಇದಕ್ಕೆ ಬಡತನದ ಏರ್ಪಾಡಲ್ಲ.

1975ರ ಹೊತ್ತಿಗೆ, ಅರೆಬರೆ ಕಲಿತವರು ಗಾಯ ಮಾಡಿಕೊಳ್ಳುತ್ತಿರುವ ಸುದ್ದಿ ಬಂತು. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿ, ಕಲಿಸುವವರಿಗೆ ಪರವಾನಗಿ ಕೊಡೋಣವೆ ಎಂದು ಪ್ಯಾಕ್ಸ್‌ಟನ್ ಮತ್ತು ಗೆಳೆಯರು ಚರ್ಚಿಸಿದರು. ಕೊನೆಗೆ ಆ ಯೋಚನೆಯನ್ನು ಕೈಬಿಟ್ಟು ಅದರ ಬದಲು ಒಂದು ಸುದ್ದಿಪತ್ರ ತೆಗೆದರು. ಅದು ಬೆಳೆದು ‘ಕಾಂಟ್ಯಾಕ್ಟ್ ಕ್ವಾರ್ಟರ್ಲಿ’ ಆಯಿತು, ನ್ಯಾನ್ಸಿ ದಶಕಗಳ ಕಾಲ ಅದನ್ನು ಸಂಪಾದಿಸಿದಳು. ಪರಸ್ಪರ ಬರೆದು ತಿಳಿಸುತ್ತಿದ್ದರೆ ಅಪಾಯ ತಾನೇ ಕಡಿಮೆಯಾದೀತು ಎಂಬ ನಂಬಿಕೆ ಅವರದು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಪರವಾನಗಿ ಬಂದಿದ್ದರೆ ಇದು ಇನ್ನೊಂದು ಘರಾಣೆಯಾಗಿ ಮುಚ್ಚಿಕೊಳ್ಳುತ್ತಿತ್ತು, ಇಷ್ಟು ದೇಶಗಳಿಗೆ ಹರಡುತ್ತಿರಲಿಲ್ಲ.

ಆದರೆ ಬೆಲೆಯೂ ತೆರಬೇಕಾಯಿತು. ಯಜಮಾನನಿಲ್ಲದ ಕಡೆ ದೂರು ಹೇಳಲೂ ಜಾಗವಿರುವುದಿಲ್ಲ. ಸ್ಪರ್ಶದ ನೆಪದಲ್ಲಿ ಮೇರೆ ಮೀರುವವರ ಬಗ್ಗೆ, ಹಲವರು, ಅದರಲ್ಲೂ ಹೆಂಗಸರು, ಎತ್ತಿದ ಮಾತುಗಳಿಂದಾಗಿ ಈಗ ಎಷ್ಟೋ ‘ಜಾಮ್’ಗಳ, ಅಂದರೆ ಒಟ್ಟಿಗೆ ಸೇರಿ ಕುಣಿಯುವ ಕೂಟಗಳ, ಬಾಗಿಲಲ್ಲೇ ನಿಯಮ ಬರೆದು ಹಾಕಿರುತ್ತಾರೆ. ಅಂಥ ಕೂಟಕ್ಕೆ ಹೋಗುವ ಮನಸ್ಸಿದ್ದರೆ ಮೊದಲ ಸಲ ಗೋಡೆ ಪಕ್ಕ ಕೂತು ನೋಡಿ. ಇಳಿದ ಮೇಲೂ, ಬೇಡ ಅನ್ನಿಸಿದ ಗಳಿಗೆಯಲ್ಲಿ ಕಾರಣ ಹೇಳದೆ ಎದ್ದು ಬನ್ನಿ.