ನಿಮಗಿದು ಗೊತ್ತೆ? ಅಮೃತಶಿಲೆಗೂ ಮೊದಲು ಕೆಂಪು ಚಾಕ್!

* ರೋಮ್‌ನ ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿನಲ್ಲಿ ಸಿಂಹಗಳ ಗುಹೆಗೆ ಎಸೆಯಲ್ಪಟ್ಟ ಬೈಬಲ್‌ನ ಪ್ರವಾದಿ ದಾನಿಯೇಲನ ಅಮೃತಶಿಲೆಯ ಪ್ರತಿಮೆ ಇದೆ. ಕೈಜೋಡಿಸಿ ಮೇಲೆತ್ತಿ ಆತ ಪ್ರಾರ್ಥಿಸುತ್ತಿದ್ದರೆ, ಸಿಂಹ ಅವನ ಪಾದ ನೆಕ್ಕುತ್ತಿದೆ. 1650ರ ದಶಕದಲ್ಲಿ ಇದನ್ನು ಕಡೆದವನು ಬರೋಕ್ ಯುಗದ ಮಹಾಶಿಲ್ಪಿ ಜಾನ್ ಲೊರೆಂಜೊ ಬರ್ನಿನಿ.

* ಉಳಿ ಹಿಡಿಯುವ ಮೊದಲು ಬರ್ನಿನಿ ಕೆಂಪು ಚಾಕ್‌ನಲ್ಲಿ ದಾನಿಯೇಲನ ಮೈಕಟ್ಟನ್ನು ಮತ್ತೆ ಮತ್ತೆ ಬಿಡಿಸಿದ. ಆ ಚಿತ್ರಗಳಲ್ಲಿ ಕೆಲವು ಜರ್ಮನಿಯ ಲೈಪ್‌ಜಿಗ್ ವಸ್ತುಸಂಗ್ರಹಾಲಯದಲ್ಲಿವೆ.

* ಸ್ವಾರಸ್ಯ ಇರುವುದು ಇಲ್ಲೇ. ಈ ಪ್ರವಾದಿಯ ಮೈಗೆ ಮಾದರಿ ಕ್ರೈಸ್ತ ಸಂತನಲ್ಲ. ಹಾವುಗಳ ಹಿಡಿತದಲ್ಲಿ ನರಳುವ ಟ್ರಾಯ್ ನಗರದ ಪುರೋಹಿತ ಲಾವೊಕೂನ್! 1506ರಲ್ಲಿ ರೋಮ್‌ನ ನೆಲದಡಿ ಸಿಕ್ಕ ಅವನ ಪ್ರಾಚೀನ ಶಿಲ್ಪದ ಮುಂಡಭಾಗವನ್ನು ಬರ್ನಿನಿ ಮೊದಲು ನಕಲು ಮಾಡಿಕೊಂಡ. ಮುಂದಿನ ಚಿತ್ರಗಳಲ್ಲಿ ಮೈಯ ತಿರುವು ಬದಲಾಯಿತು, ಕೈಗಳು ಮೇಲೆದ್ದವು. ನೋವಿನ ಭಂಗಿ ಪ್ರಾರ್ಥನೆಯ ಭಂಗಿಯಾಯಿತು.

* ಬರೀ ಚಿತ್ರಗಳಿಗೇ ಆತ ತೃಪ್ತನಾಗುತ್ತಿರಲಿಲ್ಲ. ಸೇಂಟ್ ಪೀಟರ್ಸ್ ಬಸಿಲಿಕಾದಲ್ಲಿರುವ ಸಂತ ಲಾಂಜೈನಸ್‌ನ ಬೃಹತ್ ಪ್ರತಿಮೆಗಾಗಿ ಬರ್ನಿನಿ ಮಾಡಿದ್ದ 22 ಮೇಣದ ಮಾದರಿಗಳನ್ನು ತಾನು ನೋಡಿದ್ದಾಗಿ ಜರ್ಮನ್ ಕಲಾವಿದ ಯೋಆಖಿಮ್ ಫಾನ್ ಸಾಂಡ್ರಾರ್ಟ್ ದಾಖಲಿಸಿದ್ದಾನೆ.

* ರೋಮ್‌ಗೆ ಹೋದವರು ದಾನಿಯೇಲನನ್ನೂ ವ್ಯಾಟಿಕನ್ ಮ್ಯೂಸಿಯಂನಲ್ಲಿರುವ ಲಾವೊಕೂನ್‌ನನ್ನೂ ಒಂದೇ ದಿನ ನೋಡಿ ಹೋಲಿಸಬಹುದು.