ಸೇಂಟ್ ಆಂಡ್ರೂಸಿನ ಹುಲ್ಲುನೆಲ: ಗಾಲ್ಫ್ ಮೈದಾನವೊಂದರ ಋತುಪಾಲನೆಯ ಇತಿಹಾಸ

ಗಾಲ್ಫ್ ಆಟದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಆಟಗಾರರನ್ನು ಕುರಿತೇ ಬರೆದಿದ್ದಾರೆ. ಯಾವ ವರ್ಷ ಯಾರು ಗೆದ್ದರು, ಎಷ್ಟು ಹೊಡೆತಗಳಲ್ಲಿ ಗೆದ್ದರು, ಚೆಂಡು ಯಾವ ವಸ್ತುವಿನಿಂದ ಆದುದು ಎಂಬಿವೆಲ್ಲ ಸವಿಸ್ತಾರವಾಗಿ ದೊರೆಯುತ್ತವೆ. ಆಟ ನಡೆಯುವ ನೆಲವನ್ನು ವರ್ಷದ ಹನ್ನೆರಡು ತಿಂಗಳೂ ಆಟಕ್ಕೆ ತಕ್ಕಂತೆ ಕಾಪಾಡಿದವರು ಯಾರು, ಆ ಕೆಲಸದ ಕ್ರಮವೇನು, ಅದು ಯಾವ ಕಾರಣಗಳಿಂದ ಒಂದು ವೃತ್ತಿಯಾಗಿ ರೂಪುಗೊಂಡಿತು ಎಂಬ ಪ್ರಶ್ನೆಗಳಿಗೆ ಮಾತ್ರ ಉತ್ತರ ವಿರಳ. ಇಂಥ ಕೊರತೆ ಈ ವಿಷಯಕ್ಕೆ ಮಾತ್ರ ಸೀಮಿತವಾದುದಲ್ಲ. ನಮ್ಮ ಶಾಸನಗಳಲ್ಲಿಯೂ ಕೆರೆ ಕಟ್ಟಿಸಿದವನ ಹೆಸರಿದೆ, ಅದರ ರಕ್ಷಣೆಗೆ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳ ವಿವರವಿದೆ. ವರ್ಷವರ್ಷವೂ ಹೂಳೆತ್ತಿದವರ ಹೆಸರು ಕಾಣಬರುವುದು ಅಪರೂಪ. ಪ್ರಸ್ತುತ ಲೇಖನದಲ್ಲಿ ಸ್ಕಾಟ್ಲೆಂಡಿನ ಫೈಫ್ ಪ್ರಾಂತದ ಸೇಂಟ್ ಆಂಡ್ರೂಸ್ ಪಟ್ಟಣದ ‘ಓಲ್ಡ್ ಕೋರ್ಸ್’ ಎಂಬ ಪ್ರಸಿದ್ಧ ಮೈದಾನವನ್ನು ಉದಾಹರಣೆಯಾಗಿಟ್ಟುಕೊಂಡು ಆ ಪ್ರಶ್ನೆಗಳನ್ನು ವಿಚಾರಮಾಡಲಾಗಿದೆ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಸಮುದ್ರದ ಮರಳುದಂಡೆಗೂ ಉಳುಮೆಯ ಭೂಮಿಗೂ ನಡುವೆ ಇರುವ ಏರುತಗ್ಗಿನ ಹುಲ್ಲುನೆಲಕ್ಕೆ ಸ್ಕಾಟರು ‘ಲಿಂಕ್ಸ್’ ಎನ್ನುತ್ತಾರೆ. ಗಾಳಿ ತಂದು ಒಟ್ಟಿದ ಮರಳೇ ಇದರ ಮಣ್ಣು. ನೀರು ನಿಲ್ಲದು, ಸಾರ ಕಡಿಮೆ. ಆದಕಾರಣ ನೇಗಿಲಿಗೆ ನಿರುಪಯೋಗಿ. ಇಂಥ ನೆಲದಲ್ಲಿ ಫೆಸ್ಕ್ಯೂ, ಬೆಂಟ್ ಎಂಬ ಸೂಜಿಯಂತೆ ಸಣ್ಣ ಎಸಳಿನ ಹುಲ್ಲುಗಳು ಮಾತ್ರ ಚೆನ್ನಾಗಿ ಬಾಳುತ್ತವೆ. ಕುರಿಗಳೂ ಮೊಲಗಳೂ ಮೇದು ಅವನ್ನು ಗಿಡ್ಡವಾಗಿ ಇಟ್ಟಿದ್ದುವು. ನಮ್ಮ ಹಳ್ಳಿಗಳ ಗೋಮಾಳವನ್ನು ನೆನೆದರೆ ಇದರ ಸಾಮಾಜಿಕ ಸ್ಥಾನ ತಿಳಿದೀತು: ಊರಿನವರೆಲ್ಲರೂ ಬಳಸುವ, ಯಾರೊಬ್ಬರೂ ಉಳದ ಭೂಮಿ. ಜನ ಅಲ್ಲಿ ದನಕುರಿ ಮೇಯಿಸಿದರು, ಬಟ್ಟೆ ಒಣಹಾಕಿದರು, ಆಟವಾಡಿದರು. ಆಟದ ಗೀಳು ಎಷ್ಟಿತ್ತೆಂದರೆ, ಬಿಲ್ವಿದ್ಯೆಯ ಅಭ್ಯಾಸಕ್ಕೆ ಭಂಗ ಬರುತ್ತದೆಂದು ಎರಡನೆಯ ಜೇಮ್ಸನ ಕಾಲದಲ್ಲಿ, 1457ರಲ್ಲಿ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನೂ ಕಾಲ್ಚೆಂಡಾಟವನ್ನೂ ನಿಷೇಧಿಸಬೇಕಾಯಿತು.

ಈ ಸಾರ್ವಜನಿಕ ಹಕ್ಕಿಗೆ ಲಿಖಿತ ಆಧಾರವೂ ಉಂಟು. ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ 1552ರ ಪತ್ರವೊಂದರಲ್ಲಿ ಲಿಂಕ್ಸಿನಲ್ಲಿ ಮೊಲಗಳನ್ನು ಸಾಕುವ ಅನುಮತಿಯನ್ನು ಪಟ್ಟಣದಿಂದ ಪಡೆದು, ಅಲ್ಲಿ ಗಾಲ್ಫ್ ಮೊದಲಾದ ಆಟಗಳನ್ನಾಡುವ ಊರವರ ಹಕ್ಕನ್ನು ಒಪ್ಪಿಕೊಂಡನು. ಮೊಲಕ್ಕೂ ಆಟಕ್ಕೂ ಹೊಂದಿಕೆಯಾಗುವುದು ಸುಲಭವಲ್ಲವೆಂಬುದು ಮುಂದೆ ತಿಳಿದುಬಂದಿತು. ಹಣದ ಮುಗ್ಗಟ್ಟಿಗೆ ಸಿಕ್ಕಿದ ಪಟ್ಟಣಸಭೆ 1797ರಲ್ಲಿ ಲಿಂಕ್ಸನ್ನು ಕೈಬಿಟ್ಟಿತು. 1799ರಿಂದ ಮೊಲದ ವ್ಯಾಪಾರಿಗಳು ಅಲ್ಲಿ ತಳವೂರಿದರು, ನೆಲವೆಲ್ಲ ಬಿಲಗಳಾಯಿತು, ಊರವರು ನ್ಯಾಯಾಲಯದ ಮೆಟ್ಟಿಲೇರಿದರು. ಸುಮಾರು ಎರಡು ದಶಕ ನಡೆದ ಈ ವ್ಯಾಜ್ಯ 1821ರಲ್ಲಿ ಸ್ಟ್ರ್ಯಾತ್‌ಟೈರಮಿನ ಜಮೀನುದಾರ ಜೇಮ್ಸ್ ಚೀಪ್ ಆ ಭೂಮಿಯನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟಾಗ ಕೊನೆಗೊಂಡಿತು. ಅನಂತರ 1894ರ ಕಾಯಿದೆಯಿಂದ ಲಿಂಕ್ಸ್ ಮತ್ತೆ ಪಟ್ಟಣದ ಪಾಲಾಯಿತು. 1974ರ ಕಾಯಿದೆಯಂತೆ ರಚಿತವಾದ ಲಿಂಕ್ಸ್ ಟ್ರಸ್ಟು ಇಂದು ಅದರ ಆಡಳಿತ ನಡೆಸುತ್ತಿದೆ.

ಓಲ್ಡ್ ಕೋರ್ಸನ್ನು ಯಾರೂ ನಿರ್ಮಿಸಲಿಲ್ಲ, ಪ್ರಕೃತಿಯೇ ನಿರ್ಮಿಸಿತು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಹದಿನೆಂಟನೆಯ ಶತಮಾನದವರೆಗೆ ಇದು ಬಹುಪಾಲು ನಿಜ. ಆ ಮೇಲಿನ ಕಾಲಕ್ಕೆ ಇದನ್ನು ಒಪ್ಪುವುದು ಕಷ್ಟ. ಆಟದ ಪ್ರಾಚೀನ ನಿಯಮಗಳನ್ನೇ ನೋಡಬಹುದು. 1744ರಲ್ಲಿ ಲೀತ್‌ನಲ್ಲಿ ರಚಿತವಾಗಿ 1754ರಲ್ಲಿ ಸೇಂಟ್ ಆಂಡ್ರೂಸಿನ ಸಂಘ ಅಂಗೀಕರಿಸಿದ ನಿಯಮಗಳ ಮೊದಲನೆಯದರಂತೆ, ಒಂದು ಗುಳಿಯಲ್ಲಿ ಚೆಂಡನ್ನು ಹಾಕಿದವನು ಅದೇ ಗುಳಿಯಿಂದ ಒಂದು ದೊಣ್ಣೆಯಳತೆಯೊಳಗೆ ಚೆಂಡನ್ನಿಟ್ಟು ಮುಂದಿನ ಗುಳಿಗೆ ಹೊಡೆಯಬೇಕು. ಚೆಂಡನ್ನು ಎತ್ತರಿಸಿಡಲು ಬೇಕಾದ ಮರಳನ್ನು ಗುಳಿಯಿಂದಲೇ ತೆಗೆಯುತ್ತಿದ್ದರು. ಹೀಗಾಗಿ ಅತ್ಯಂತ ನುಣುಪಾಗಿರಬೇಕಾದ ಸ್ಥಳವೇ ಅತ್ಯಂತ ಹೆಚ್ಚು ತುಳಿತಕ್ಕೂ ಅಗೆತಕ್ಕೂ ಈಡಾಗುತ್ತಿತ್ತು. ಆಡುವವರು ನಾಲ್ಕಾರು ಮಂದಿ ಗರಿಚೆಂಡಿನ ಶ್ರೀಮಂತರಾಗಿದ್ದ ತನಕ ನೆಲ ಇದನ್ನು ತಡೆದುಕೊಂಡಿತು. 1848ರ ಹೊತ್ತಿಗೆ ಮಲಯದ ಮರದ ಹಾಲಿನಿಂದ ಮಾಡಿದ ಗಟ್ಟಾಪರ್ಚ ಚೆಂಡು ಬಂದು ಆಟ ಅಗ್ಗವಾಯಿತು. 1852ರಲ್ಲಿ ಸೇಂಟ್ ಆಂಡ್ರೂಸಿಗೆ ರೈಲು ಬಂದಿತು. ಅಗ್ಗದ ಚೆಂಡು, ರೈಲುದಾರಿ ಎರಡೂ ಸೇರಿ ತಂದ ಕಾಲುಗಳ ಭಾರವನ್ನು ಹುಲ್ಲು ತಾನಾಗಿ ಹೊರಲಾರದಾಯಿತು. ಮೈದಾನಪಾಲಕನೆಂಬ ವೃತ್ತಿ ಹುಟ್ಟಿದ್ದು ಈ ಒತ್ತಡದಿಂದಲೇ ಎಂದು ನಮಗೆ ತೋರುತ್ತದೆ.

ಈ ವೃತ್ತಿಯ ಮೂಲಪುರುಷನೆಂದು ಗಣ್ಯನಾದವನು ಟಾಮ್ ಮಾರಿಸ್. 1821ರಲ್ಲಿ ಸೇಂಟ್ ಆಂಡ್ರೂಸಿನಲ್ಲಿಯೇ ಹುಟ್ಟಿದ ಈತ ಚೆಂಡು ತಯಾರಿಸುವ ಕಸುಬನ್ನು ಕಲಿತು, 1851ರಲ್ಲಿ ಪ್ರೆಸ್ಟ್‌ವಿಕ್ಕಿನ ಮೈದಾನ ನೋಡಿಕೊಳ್ಳಲು ಹೋಗಿ, 1865ರ ಹೊತ್ತಿಗೆ ರಾಯಲ್ ಆ್ಯಂಡ್ ಏನ್ಷಂಟ್ ಕ್ಲಬ್ಬಿನ ಕರೆಯಂತೆ ಹುಟ್ಟೂರಿಗೆ ಮರಳಿದನು. ಓಪನ್ ಪಂದ್ಯವನ್ನು ನಾಲ್ಕು ಬಾರಿ ಗೆದ್ದ ಆಟಗಾರನಾದುದರಿಂದಲೇ ಆತನ ಹೆಸರು ಉಳಿದಿದೆ. ಆದರೆ ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು ಆತನ ನೇಮಕದ ಷರತ್ತುಗಳು. ವರ್ಷಕ್ಕೆ 50 ಪೌಂಡ್ ಸಂಬಳ. ಮೈದಾನದ ಖರ್ಚಿಗೆ 20 ಪೌಂಡ್. ಸಲಕರಣೆಗಳೆಂದರೆ ಒಂದು ಕೈಗಾಡಿ, ಒಂದು ಗುದ್ದಲಿ, ಒಂದು ಸಲಿಕೆ. ಭಾರದ ಕೆಲಸಕ್ಕೆ ವಾರದಲ್ಲಿ ಎರಡು ದಿನ ಒಬ್ಬ ಕೂಲಿಯಾಳು. ಸಮುದ್ರದಂಡೆಯ ಅಷ್ಟು ವಿಸ್ತಾರವಾದ ನೆಲವನ್ನು ಕಾಪಾಡಲು ಒದಗಿಸಿದ್ದು ಇಷ್ಟು. ಆ ಕೂಲಿಯಾಳಿನ ಹೆಸರನ್ನು ಯಾವ ಆಟದ ಚರಿತ್ರೆಯೂ ಎತ್ತಿ ಹೇಳುವುದಿಲ್ಲ. ಮರಳು ಹೊತ್ತವನು ಅವನೇ ಇರಬೇಕಲ್ಲವೆ?

ಮಾರಿಸನು ಮಾಡಿದ ಕೆಲಸಗಳಲ್ಲಿ ಮೂರು ಮುಖ್ಯ. ಗುಳಿಯ ಸುತ್ತಲ ‘ಗ್ರೀನ್’ ಎಂಬ ನುಣ್ಣನೆಯ ಹಸುರುನೆಲಕ್ಕೆ ಕಾಲಕಾಲಕ್ಕೆ ತೆಳುವಾಗಿ ಮರಳು ಹರಡುವುದು ಮೊದಲನೆಯದು. ಪ್ರೆಸ್ಟ್‌ವಿಕ್ಕಿನಲ್ಲಿ ಕೈಗಾಡಿಯಿಂದ ಅಕಸ್ಮಾತ್ತಾಗಿ ಚೆಲ್ಲಿದ ಮರಳಿನ ಮೇಲೆ ಹುಲ್ಲು ಸೊಂಪಾಗಿ ಬಂದುದನ್ನು ಕಂಡು ಈ ಉಪಾಯ ಹೊಳೆಯಿತೆಂದು ಪ್ರತೀತಿ. ಕಥೆ ಹೇಗಾದರೂ ಇರಲಿ, ಉಪಾಯ ಶಾಸ್ತ್ರಸಮ್ಮತವಾದುದು: ಸತ್ತ ಬೇರುಕಾಂಡಗಳು ಕೂಡಿ ನೆಲದ ಮೇಲೆ ನೀರು ಹಿಡಿಯುವ ಒಂದು ಪದರವಾಗುತ್ತದೆ, ಮರಳು ಅದನ್ನು ಸಡಿಲಿಸಿ, ಮೇಲ್ಮೈಯನ್ನು ಸಮಮಾಡಿ, ನೀರನ್ನು ಕೆಳಕ್ಕಿಳಿಸುತ್ತದೆ. ಎರಡನೆಯದು, ಹೊಡೆತ ಆರಂಭಿಸುವ ಕಟ್ಟೆಗಳನ್ನು ಗ್ರೀನಿನಿಂದ ಬೇರ್ಪಡಿಸಿದ್ದು. ಮೂರನೆಯದು ವಿಶ್ರಾಂತಿ. ಭಾನುವಾರ ಆಟ ಕೂಡದೆಂದು ಆತ ಹಟ ಹಿಡಿದನು. ಆಡುವವರಿಗೆ ಬಿಡುವು ಬೇಡವಾದರೂ ನೆಲಕ್ಕೆ ಬೇಕು ಎಂಬುದು ಆತನ ವಾದ. ಇದರಲ್ಲಿ ದೈವಭಕ್ತಿ ಎಷ್ಟು, ಕೃಷಿಜ್ಞಾನ ಎಷ್ಟು ಎಂದು ವಿಂಗಡಿಸುವುದು ಕಷ್ಟ. ದೊಡ್ಡ ಪಂದ್ಯಗಳ ಸಂದರ್ಭವನ್ನು ಬಿಟ್ಟರೆ ಓಲ್ಡ್ ಕೋರ್ಸಿನಲ್ಲಿ ಇಂದಿಗೂ ಭಾನುವಾರ ಆಟವಿಲ್ಲ. ಅಂದು ಊರವರು ಅಲ್ಲಿ ಅಡ್ಡಾಡುತ್ತಾರೆ. ಅದೇ ಕಾಲದಲ್ಲಿ ಸವೆತವನ್ನು ಹಂಚುವ ಇನ್ನೊಂದು ಜಾಣ ಕ್ರಮವೂ ಇತ್ತು: ಮೈದಾನವನ್ನು ಒಂದು ವಾರ ಬಲದಿಂದ, ಮತ್ತೊಂದು ವಾರ ಎಡದಿಂದ ಸುತ್ತುವುದು. ಎರಡೆರಡು ಗುಳಿಗಳಿರುವ ಏಳು ಜೋಡಿ ಗ್ರೀನ್‌ಗಳು ಅಲ್ಲಿ ಇರುವುದರಿಂದ ಇದು ಸಾಧ್ಯವಾಯಿತು.

ಇನ್ನು ವರ್ಷದ ಕ್ರಮ. ಸೇಂಟ್ ಆಂಡ್ರೂಸ್ 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಲ್ಲಿ ಹಗಲು 17 ಗಂಟೆಗೂ ಹೆಚ್ಚು, ಡಿಸೆಂಬರಿನಲ್ಲಿ ಸುಮಾರು 7 ಗಂಟೆ. ಮಣ್ಣಿನ ಉಷ್ಣತೆ 5-6 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದರೆ ಹುಲ್ಲಿನ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಪಾಲಕರ ಪಂಚಾಂಗವೆಲ್ಲ ಈ ಸಂಗತಿಗಳ ಮೇಲೆ ನಿಂತಿದೆ.

ವಸಂತದಲ್ಲಿ ಮೂಡಣ ಸಮುದ್ರದಿಂದ ತಣ್ಣನೆಯ ಒಣಗಾಳಿ ಬೀಸುವುದರಿಂದ ಹುಲ್ಲು ತಡವಾಗಿ ಎಚ್ಚರಗೊಳ್ಳುತ್ತದೆ. ಆಟಗಾರರ ಆತುರಕ್ಕೂ ಹುಲ್ಲಿನ ನಿಧಾನಕ್ಕೂ ಜಗಳವಾಗುವ ಕಾಲವಿದು. ಆಗ ಮರಳು ಹರಡಿ, ಕತ್ತರಿಯನ್ನು ಎತ್ತರದಲ್ಲಿಟ್ಟು, ವಾರವಾರಕ್ಕೆ ಸ್ವಲ್ಪಸ್ವಲ್ಪ ಇಳಿಸುತ್ತಾರೆ. ಬೇಸಗೆಯಲ್ಲಿ ಕೆಲಸ ಬೆಳಗಿನ ಜಾವದಲ್ಲಿ, ಮೊದಲ ಆಟಗಾರನು ಬರುವುದಕ್ಕೆ ಮುಂಚೆ: ಇಬ್ಬನಿ ಕೊಡವುವುದು, ಗ್ರೀನ್‌ಗಳನ್ನು ಕತ್ತರಿಸುವುದು, ಗುಳಿಗಳ ಸ್ಥಾನ ಬದಲಿಸುವುದು, ಮರಳುಗುಂಡಿಗಳನ್ನು ಸಮಮಾಡುವುದು, ದೊಣ್ಣೆ ಕಿತ್ತ ಕಡೆ ಬೀಜ ಬೆರೆಸಿದ ಮರಳು ತುಂಬುವುದು. ನೀರನ್ನು ಧಾರಾಳವಾಗಿ ಕೊಡುವುದಿಲ್ಲವೆಂಬುದು ಗಮನಾರ್ಹ. ಹುಲ್ಲು ಹಸುರಾಗಿ ಕಾಣಬೇಕೆಂಬ ಆಸೆಯಿಂದ ನೀರು, ಗೊಬ್ಬರ ಸುರಿದರೆ ಬೇರು ಮೇಲೆಯೇ ಉಳಿದು, ಫೆಸ್ಕ್ಯೂ ಹಿಂಜರಿದು, ಪೋವ ಎಂಬ ಮೃದುವಾದ ಹುಲ್ಲು ಆ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಜುಲೈ ತಿಂಗಳಲ್ಲಿ ಈ ಮೈದಾನ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ನಿರ್ಲಕ್ಷ್ಯದ ಗುರುತಲ್ಲ.

ಶರತ್ಕಾಲ ನೆಲವನ್ನು ರಿಪೇರಿ ಮಾಡುವ ಕಾಲ. ಮಣ್ಣಿನಲ್ಲಿ ಬೇಸಗೆಯ ಕಾವು ಉಳಿದಿರುತ್ತದೆ, ಮಳೆ ಬಂದಿರುತ್ತದೆ. ತುಳಿತದಿಂದ ಗಟ್ಟಿಯಾದ ನೆಲಕ್ಕೆ ಉಕ್ಕಿನ ಹಲ್ಲುಗಳಿಂದ ತೂತು ಕೊರೆದು ಗಾಳಿಯಾಡಿಸಿ, ಫೆಸ್ಕ್ಯೂ ಬೀಜವನ್ನು ಬಿತ್ತುತ್ತಾರೆ. ತೇವ ಹೆಚ್ಚಾದ ದಿನಗಳಲ್ಲಿ ಹುಲ್ಲಿಗೆ ಬೂಷ್ಟುರೋಗ ತಗಲುವುದೂ ಈಗಲೇ.

ನೋಡುವವರ ಕಣ್ಣಿಗೆ ಚಳಿಗಾಲ ನಿದ್ರೆಯ ಕಾಲ. ಪಾಲಕರಿಗೆ ಅದೇ ಅತ್ಯಂತ ಶ್ರಮದ ಕಾಲ. ಹಿಮ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕಾಲಿಟ್ಟರೆ ಎಸಳಿನ ಜೀವಕೋಶಗಳು ಒಡೆದು, ಹೆಜ್ಜೆಯ ಗುರುತು ವಾರಗಟ್ಟಲೆ ಉಳಿಯುತ್ತದೆ. ಅದು ಕರಗುವವರೆಗೆ ಆಟ ನಿಲ್ಲಿಸಬೇಕು. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ನಡುಬಯಲಿನಲ್ಲಿ ಆಡುವವರು ಚಿಕ್ಕ ಚಾಪೆಯೊಂದನ್ನು ಜೊತೆಗೆ ಒಯ್ದು, ಅದರ ಮೇಲೆ ಚೆಂಡನ್ನಿಟ್ಟು ಹೊಡೆಯಬೇಕೆಂಬ ನಿಯಮವಿದೆ. ಬೆಳೆಯದ ಕಾಲದಲ್ಲಿ ಆದ ಗಾಯ ವಸಂತದವರೆಗೂ ಮಾಯದೆಂಬುದೇ ಇದಕ್ಕೆ ಕಾರಣ.

ಬಂಕರ್‌ಗಳೆಂಬ ಮರಳುಗುಂಡಿಗಳ ಕೆಲಸ ನಡೆಯುವುದೂ ಆಗಲೇ. ಓಲ್ಡ್ ಕೋರ್ಸಿನಲ್ಲಿ ಇವು 112 ಇವೆ. ಗಾಳಿಗೆ ಕುರಿಗಳು ಮರೆಯಾಗಿ ಮಲಗಿದ ತಗ್ಗುಗಳೇ ಗುಂಡಿಗಳಾದುವೆಂಬುದು ಐತಿಹ್ಯ. ಮೂಲವೇನೇ ಇರಲಿ, ಇಂದು ಇವು ಕಟ್ಟಡಗಳೇ ಸರಿ. ಬೇರೆ ಕಡೆ ಇದಕ್ಕೆಂದೇ ಬೆಳೆಸಿದ ಹುಲ್ಲುಹೆಂಟೆಗಳನ್ನು ಚಪ್ಪಟೆಯಾಗಿ ಕತ್ತರಿಸಿ ತಂದು, ಇಟ್ಟಿಗೆಯಂತೆ ವರಸೆಯ ಮೇಲೆ ವರಸೆ ಇಟ್ಟು, ಪ್ರತಿ ವರಸೆಯನ್ನೂ ತುಸು ಹಿಂದಕ್ಕೆ ಸರಿಸಿ, ಹಿಂಬದಿಗೆ ಮಣ್ಣು ತುಂಬಿ ತುಳಿದು ಗೋಡೆ ಏರಿಸುತ್ತಾರೆ. ಗೋಡೆಯಿಲ್ಲದಿದ್ದರೆ ಗಾಳಿ ಮರಳನ್ನೆಲ್ಲ ಹೊತ್ತೊಯ್ಯುತ್ತದೆ. ಬಿಸಿಲಿಗೆ ಎದುರಾದ, ದಕ್ಷಿಣಕ್ಕೆ ಮುಖಮಾಡಿದ ಗೋಡೆಗಳು ಬೇಗ ಒಣಗಿ ಉದುರುತ್ತವೆ. ಕೆಲವೇ ವರ್ಷಗಳಲ್ಲಿ ಗೋಡೆ ಕುಸಿಯುವುದರಿಂದ ಪ್ರತಿ ಚಳಿಗಾಲವೂ ಒಂದು ದೊಡ್ಡ ಪಾಲನ್ನು ಮತ್ತೆ ಕಟ್ಟಬೇಕು. ನಾಲ್ಕು ಶತಮಾನಗಳ ಹಳಮೆಯುಳ್ಳದ್ದೆಂದು ಯಾತ್ರಿಕರು ಚಿತ್ರ ತೆಗೆದುಕೊಳ್ಳುವ ಗುಂಡಿಯ ಗೋಡೆಗೆ ಹೀಗೆ ಎರಡು ವರ್ಷದ ವಯಸ್ಸೂ ಆಗಿರಲಾರದು! ‘ಪ್ರಕೃತಿನಿರ್ಮಿತ’ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಕಂಡಿಲ್ಲ.

ಯಂತ್ರಗಳೂ ವಿಜ್ಞಾನವೂ ಈ ಕ್ರಮವನ್ನು ಚುರುಕುಗೊಳಿಸಿವೆ. ಎಡ್ವಿನ್ ಬಡ್ಡಿಂಗನು 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಯಾರ್ಕ್‌ಷೈರಿನ ಬಿಂಗ್ಲಿಯಲ್ಲಿ 1929ರಲ್ಲಿ ಮೈದಾನಪಾಲನೆಯ ಸಂಶೋಧನ ಮಂಡಲಿ ಸ್ಥಾಪನೆಯಾಯಿತು. ಕುರಿ ಮೇದಾಗ ಉಳಿಯುತ್ತಿದ್ದ ಹುಲ್ಲಿಗಿಂತ ಎಷ್ಟೋ ಗಿಡ್ಡವಾಗಿ, ಕೆಲವು ಮಿಲಿಮೀಟರುಗಳಿಗೆ, ಇಂದು ಗ್ರೀನನ್ನು ಕತ್ತರಿಸಬಹುದು. ಇದಕ್ಕೂ ಒಂದು ಮಿತಿಯುಂಟು. 2015ರ ಓಪನ್ ಪಂದ್ಯ ಇಲ್ಲಿ ನಡೆದಾಗ ನಿಂತ ಚೆಂಡು ಗಾಳಿಗೆ ತಾನಾಗಿ ಉರುಳತೊಡಗಿ, ಆಟವನ್ನು ಗಂಟೆಗಟ್ಟಲೆ ನಿಲ್ಲಿಸಬೇಕಾಯಿತು. ನುಣುಪು ಹೆಚ್ಚಿದಷ್ಟೂ ಗಾಳಿಯ ಕೈ ಮೇಲಾಗುತ್ತದೆ. ಎಷ್ಟು ಕತ್ತರಿಸಬೇಕೆಂಬುದನ್ನು ಹವೆಯನ್ನು ನೋಡಿ ಪಾಲಕನೇ ನಿರ್ಧರಿಸಬೇಕು.

ನಮ್ಮ ನಾಡಿಗೂ ಈ ಆಟ ಬ್ರಿಟಿಷರೊಡನೆ ಬಂದಿತು; ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಆಟದ ನಿಯಮಗಳು ಸ್ಕಾಟ್ಲೆಂಡಿನಿಂದ ಹಡಗೇರಿ ಬಂದುವು. ಹುಲ್ಲಿನ ಪಂಚಾಂಗ ಮಾತ್ರ ಬರಲಾರದಾಯಿತು. ಫೆಸ್ಕ್ಯೂ ತಂಪಿನ ಹುಲ್ಲು. ಉಷ್ಣದೇಶಗಳ ಮೈದಾನಗಳು ಬಹುಮಟ್ಟಿಗೆ ನಂಬಿರುವುದು ಗರಿಕೆಯ ಕುಲವನ್ನು; ನಾವು ಗಣಪತಿಗೆ ಏರಿಸುವ ಅದೇ ಗರಿಕೆ, ಅದರಿಂದ ಆರಿಸಿ ಬೆಳೆಸಿದ ತಳಿಗಳು. ಅದು ಕಾವನ್ನು ಬಯಸುತ್ತದೆ, ನೆರಳನ್ನು ಸಹಿಸದು, ಚಳಿಯಲ್ಲಿ ಮಂಕಾಗುತ್ತದೆ. ಬೆಂಗಳೂರಿನ ಹಗಲು ವರ್ಷವೆಲ್ಲ 11 ಗಂಟೆಗೆ ಕಡಿಮೆಯಿಲ್ಲ, 13ಕ್ಕೆ ಹೆಚ್ಚಿಲ್ಲ. ನೆಲ ಹೆಪ್ಪುಗಟ್ಟುವ ಮಾತೇ ಇಲ್ಲ. ಇಲ್ಲಿ ವರ್ಷವನ್ನು ಭಾಗಮಾಡುವುದು ಬೆಳಕಲ್ಲ, ಮಳೆ. ಸೇಂಟ್ ಆಂಡ್ರೂಸಿನವರು ಚಳಿಗಾಲಕ್ಕೆಂದು ಕಾದಿರಿಸುವ ಮಣ್ಣಿನ ಕೆಲಸವನ್ನು ಇಲ್ಲಿಯವರು ಮುಂಗಾರಿನ ಮೊದಲೋ ಹಿಂಗಾರಿನ ಅನಂತರವೋ ಮುಗಿಸಿಕೊಳ್ಳಬೇಕು. ಅಲ್ಲಿ ಹುಲ್ಲು ಮಲಗಿದಾಗ ನಡೆಯುವ ರಿಪೇರಿಯನ್ನು ಇಲ್ಲಿ ಅದು ಬೆಳೆಯುತ್ತಿರುವಾಗಲೇ ನಡೆಸಬೇಕು.