ಔಷಧ ವಿತರಕನಿಗೂ ಮರುಪಾಠ

ಊರು ಬಿಟ್ಟು ಮಹಾನಗರಕ್ಕೆ ಬಂದವರು ಕಾಯಿಲೆ ಬಿದ್ದಾಗ ಮೊದಲು ಹೋಗುವುದು ಬೀದಿಯ ಮೂಲೆಯ ಔಷಧಿ ಅಂಗಡಿಗೆ. ಉತ್ತರ ದೆಹಲಿಯ ಮುಖರ್ಜಿ ನಗರದಲ್ಲಂತೂ ಈ ಮಾತು ಇನ್ನೂ ನಿಜ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಸಿದ್ಧರಾಗಲು ಬಂದು ಬಾಡಿಗೆ ಕೋಣೆಗಳಲ್ಲಿ ವಾಸಿಸುವ ತರುಣ ತರುಣಿಯರಲ್ಲಿ ಕನ್ನಡ ನಾಡಿನ ಮಕ್ಕಳೂ ಇದ್ದಾರೆ. ಜ್ವರ ಬಂದರೆ ಕಷಾಯ ಕಾಯಿಸಿಕೊಡುವ ತಾಯಿ ಹತ್ತಿರವಿಲ್ಲ. ವೈದ್ಯರಲ್ಲಿಗೆ ಹೋಗಲು ಸಮಯವಿಲ್ಲ. ಅಂಗಡಿಯಲ್ಲಿ ಕೊಟ್ಟದ್ದೇ ಮದ್ದು. ಹಾಗಿರುವಾಗ, ಮದ್ದು ಕೊಡುವವರ ಅರ್ಹತೆಯೇನು, ಅವರ ಕಲಿಕೆ ಇಂದಿಗೂ ಮುಂದುವರಿದಿದೆಯೇ ಎಂದು ತಿಳಿದುಕೊಳ್ಳುವುದು ನಮ್ಮ ಹಿತಕ್ಕೇ ಸೇರಿದ ವಿಚಾರ.

ಎರಡು ಬೇರೆ ಅನುಮತಿಗಳು

ಅಂಗಡಿಯ ಲೈಸೆನ್ಸೂ ಔಷಧ ವಿತರಕನ, ಅಂದರೆ ಫಾರ್ಮಸಿಸ್ಟನ, ನೋಂದಣಿಯೂ ಒಂದೇ ಎಂದು ಅನೇಕರು ಭಾವಿಸಿದ್ದಾರೆ. ಇವು ಬೇರೆ ಬೇರೆ. ಮಾರಾಟದ ಲೈಸೆನ್ಸನ್ನು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಅನ್ವಯ ಔಷಧ ನಿಯಂತ್ರಣ ಇಲಾಖೆಯು ಅಂಗಡಿಗೆ ಕೊಡುತ್ತದೆ. ನೋಂದಣಿಯಾದರೋ 1948ರ ಫಾರ್ಮಸಿ ಕಾಯಿದೆಗೆ ಸೇರಿದ್ದು. ಅದು ವ್ಯಕ್ತಿಗೆ ಸಲ್ಲುವುದು. ದೆಹಲಿಯಲ್ಲಿ ಅದನ್ನು ನೋಡಿಕೊಳ್ಳುವುದು ದೆಹಲಿ ಫಾರ್ಮಸಿ ಕೌನ್ಸಿಲ್. ವೈದ್ಯರ ಚೀಟಿಯ ಮೇಲೆ ಔಷಧವನ್ನು ಸಿದ್ಧಪಡಿಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರದೆಂದು ಈ ಕಾಯಿದೆಯ 42ನೆಯ ಪ್ರಕರಣ ವಿಧಿಸುತ್ತದೆ.

ಐದು ವರ್ಷಕ್ಕೆ ಎರಡು ದಿನ

ಬಹುಕಾಲ ನವೀಕರಣವೆಂದರೆ ಶುಲ್ಕ ಕಟ್ಟಿ ರಸೀದಿ ಪಡೆಯುವುದಷ್ಟೇ ಆಗಿತ್ತು. ಭಾರತೀಯ ಫಾರ್ಮಸಿ ಕೌನ್ಸಿಲ್ 2015ರಲ್ಲಿ ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯು ಇದಕ್ಕೆ ಕಲಿಕೆಯ ಷರತ್ತನ್ನು ಸೇರಿಸಿತು. ಅದರಂತೆ ನೋಂದಣಿಯ ನವೀಕರಣಕ್ಕೆ 5 ವರ್ಷಗಳ ಅವಧಿಯಲ್ಲಿ, ತಲಾ ಒಂದು ದಿನಕ್ಕೆ ಕಡಮೆಯಿಲ್ಲದ 2 ಪುನಶ್ಚೇತನ ಶಿಬಿರಗಳಿಗಾದರೂ ಹಾಜರಾಗಬೇಕು.

ಹೊರದೇಶಗಳ ಕ್ರಮಕ್ಕೆ ಹೋಲಿಸಿದರೆ ಇದು ಭಾರವಾದ ಹೊರೆಯೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 30 ಗಂಟೆಗಳ, ನ್ಯೂಯಾರ್ಕಿನಲ್ಲಿ 3 ವರ್ಷಕ್ಕೆ 45 ಗಂಟೆಗಳ ವ್ಯಾಸಂಗವನ್ನು ವಿಧಿಸಲಾಗಿದೆ. ನಮ್ಮದು ಕನಿಷ್ಠ ಮಿತಿ ಮಾತ್ರ, ಕಲಿಕೆಯ ಪೂರ್ಣತೆಯಲ್ಲ.

ಮರುಪಾಠವೇಕೆ?

2005ರಲ್ಲಿ ಡಿಪ್ಲೊಮಾ ಪಡೆದ ಒಬ್ಬರನ್ನು ಊಹಿಸಿಕೊಳ್ಳಿ. ಅಂದು ಮಕ್ಕಳ ಜ್ವರಕ್ಕೆ ಮಾರಾಟವಾಗುತ್ತಿದ್ದ ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲಿ ನಿಷೇಧಿಸಲಾಯಿತು. 2014ರ ಮಾರ್ಚಿನಿಂದ 'ಎಚ್-1' ಅನುಸೂಚಿ ಜಾರಿಗೆ ಬಂತು. ಸೆಫಿಕ್ಸಿಮ್‌ನಂತಹ ಪ್ರತಿಜೀವಕಗಳು, ಕ್ಷಯದ ಔಷಧಗಳು, ಅಲ್ಪ್ರಜೋಲಾಮ್‌ನಂತಹ ನಿದ್ರೆ ತರಿಸುವ ಮಾತ್ರೆಗಳು ಇದರಲ್ಲಿವೆ. ಇವನ್ನು ಕೊಡುವಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಇವೆಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. ನೆಗಡಿಗೆ ಬಳಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಮುದ್ರಿಸುವಂತೆ 2023ರಲ್ಲಿ ಆದೇಶವಾಯಿತು. ಇವಾವುವೂ ಆತನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅಜ್ಞಾನದ ಬೆಲೆ ಎಷ್ಟೆಂಬುದನ್ನು ಬಲ್ಲವರಿಗೆ ಇದು ಸಣ್ಣ ವಿಷಯವೆನಿಸದು. 1998ರಲ್ಲಿ ದೆಹಲಿಯ ನೆರೆಯ ಗುಡಗಾಂವ್ ಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಔಷಧದಿಂದ ಮೂತ್ರಪಿಂಡಗಳು ಕೆಟ್ಟು 30ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಅದೇ ವಿಷ ಮತ್ತೆ ಕೆಮ್ಮಿನ ಸಿರಪ್ಪಿನ ಮೂಲಕ ಎಳೆಯ ಜೀವಗಳನ್ನು ಬಲಿ ತೆಗೆದುಕೊಂಡಿತು. ಸೀಸೆಯನ್ನು ನೋಡಿದ ಮಾತ್ರಕ್ಕೆ ವಿಷವನ್ನು ಗುರುತಿಸಲು ಯಾವ ಫಾರ್ಮಸಿಸ್ಟರಿಗೂ ಸಾಧ್ಯವಿಲ್ಲ. ಆದರೆ ಪುಟ್ಟ ಮಕ್ಕಳಿಗೆ ಚೀಟಿಯಿಲ್ಲದೆ ಸಿರಪ್ ಕೊಡದಿರುವುದೂ, ಎಚ್ಚರಿಕೆಯ ಪ್ರಕಟಣೆ ಬಂದೊಡನೆ ಆ ಬ್ಯಾಚಿನ ಸೀಸೆಗಳನ್ನು ಕಪಾಟಿನಿಂದ ತೆಗೆಯುವುದೂ ಅವರ ಕೈಯಲ್ಲಿದೆ. ಅದಕ್ಕೆ ಬೇಕಾದುದು ದಿನದಿನವೂ ತಿಳಿದುಕೊಳ್ಳುವ ಅಭ್ಯಾಸ.

ಗೋಡೆಯ ಮೇಲಿನ ಪ್ರಮಾಣಪತ್ರ

ಆದರೂ ಶಿಬಿರದಲ್ಲಿ ಕಲಿತವರು ಒಬ್ಬರು, ಮದ್ದು ಕೊಡುವವರು ಮತ್ತೊಬ್ಬರು ಆದರೆ ಕಲಿಕೆಯ ಫಲವೇನು? ಪ್ರಮಾಣಪತ್ರವನ್ನು ಬಾಡಿಗೆಗೆ ಕೊಟ್ಟು ಅಂಗಡಿಯತ್ತ ತಲೆಹಾಕದ ಫಾರ್ಮಸಿಸ್ಟರ ಪಿಡುಗು ನಮ್ಮ ದೇಶಕ್ಕೆ ಹಳೆಯದು. ಅಂಥಲ್ಲಿ ಚೌಕಟ್ಟು ಹಾಕಿದ ಕಾಗದ ಗೋಡೆಯನ್ನು ಅಲಂಕರಿಸುತ್ತದೆಯೇ ಹೊರತು ರೋಗಿಯನ್ನು ಕಾಯುವುದಿಲ್ಲ. ಎರಡು ದಿನಗಳ ಮರುಪಾಠ ಸಾರ್ಥಕವಾಗುವುದು ಕಲಿತವರೇ ಅಂಗಡಿಯಲ್ಲಿ ನಿಂತಾಗ.

ನಾವು ಮಾಡಬೇಕಾದುದು

ಇಲ್ಲಿ ಗ್ರಾಹಕರ ಪಾತ್ರವೂ ಹಿರಿದು. ಫಾರ್ಮಸಿಸ್ಟರು ಶುಭ್ರವಾದ ಬಿಳಿಯ ನಿಲುವಂಗಿ ಧರಿಸಿ, ಹೆಸರು ಮತ್ತು ನೋಂದಣಿ ಸಂಖ್ಯೆಯುಳ್ಳ ಬಿಲ್ಲೆ ಹಾಕಿಕೊಂಡಿರಬೇಕೆಂದು 2015ರ ನಿಯಮಾವಳಿ ಹೇಳುತ್ತದೆ. ಅದು ಕಾಣದಿದ್ದರೆ, 'ಫಾರ್ಮಸಿಸ್ಟರು ಇದ್ದಾರೆಯೇ?' ಎಂದು ವಿನಯದಿಂದ ಕೇಳಲು ಸಂಕೋಚ ಬೇಡ. ಔಷಧವನ್ನು ಊಟಕ್ಕೆ ಮೊದಲು ಸೇವಿಸಬೇಕೋ ನಂತರವೋ, ಎಷ್ಟು ದಿನ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳೊಡನೆ ಹೊಂದುವುದೋ ಎಂದು ವಿಚಾರಿಸಿ. ಬಿಲ್ಲು ಪಡೆಯಿರಿ, ಬ್ಯಾಚಿನ ಸಂಖ್ಯೆ ಅದರಲ್ಲಿರಲಿ.

ವಿದ್ಯಾರ್ಥಿಗಳಿಗೆ ವಿಶೇಷವಾಗಿ ಒಂದು ಮಾತು: ನೆಗಡಿ ವೈರಸ್ಸಿನಿಂದ ಬರುವ ವ್ಯಾಧಿ, ಪ್ರತಿಜೀವಕ ಅದನ್ನು ಗುಣಪಡಿಸದು. ಪರೀಕ್ಷೆಯ ಆತಂಕಕ್ಕೆ ಚೀಟಿಯಿಲ್ಲದೆ ನಿದ್ರೆಯ ಮಾತ್ರೆ ಕೇಳಬೇಡಿ. ಅದನ್ನು ನಿರಾಕರಿಸಿದ ಅಂಗಡಿಯವರ ಮೇಲೆ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗದಿರಿ. ಅವರು ತಮ್ಮ ಪಾಠವನ್ನು ಮರೆತಿಲ್ಲವೆಂದು ತಿಳಿಯಿರಿ.

ಕರ್ನಾಟಕದಲ್ಲಿ ನೋಂದಾಯಿಸಿಕೊಂಡು ಇಲ್ಲಿಗೆ ಬಂದ ನಮ್ಮ ಫಾರ್ಮಸಿಸ್ಟ್ ಬಂಧುಗಳು ದೆಹಲಿ ಕೌನ್ಸಿಲಿನಲ್ಲಿ ನೋಂದಣಿಯ ಕ್ರಮವನ್ನು ವಿಚಾರಿಸಿಕೊಂಡು, ಶಿಬಿರಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಸಂಘದ ಆರೋಗ್ಯ ಶಿಬಿರಗಳಲ್ಲಿ ವೈದ್ಯರ ಜೊತೆಗೆ ಇವರೂ ಕುಳಿತು ನಮ್ಮವರ ಮಾತ್ರೆಗಳನ್ನು ಪರಿಶೀಲಿಸಿ ತಿಳಿಹೇಳಿದರೆ, ಅವರ ಕಲಿಕೆಯ ಪ್ರಯೋಜನ ಸಮಾಜಕ್ಕೂ ದೊರೆತಂತಾಗುವುದು.